ತಂತಿಯ ಮೇಲಿನ ಆ ಒಂದು

ಜೂನ್ ೧೪, ಶನಿವಾರ

ಹೋದ ವರ್ಷದ ಗಣತಿಯಲ್ಲಿ ನಾನು ಬರೆದ ಆ ಒಂದು ಹಕ್ಕಿ ಇವತ್ತು ನಿದ್ದೆ ಮಾಡಲು ಬಿಡುತ್ತಿಲ್ಲ.

ಪೆನ್ಸಿಲ್ವೇನಿಯಾದ ಈ ಬಯಲಿನಲ್ಲಿ ಗಿಡುಗದ ಜಾತಿಯ ಸಣ್ಣ ಚಾಣಗಳಿಗೆಂದು ನಾವು ಕಟ್ಟಿದ ಹದಿನಾಲ್ಕು ಗೂಡುಪೆಟ್ಟಿಗೆಗಳನ್ನೂ ಈ ಕೆಲಸದ ಜೊತೆಗಾತಿ ವರ್ನಾ ಜೊತೆ ನೋಡಿ ಬಂದೆ. ಏಣಿ ಹತ್ತಿದ್ದೇ ಬಂತು. ಚಳಿಗಾಲದಲ್ಲಿ ಹಾಸಿದ ಮರದ ಹೊಟ್ಟು ಹಾಸಿದ ಹಾಗೇ ಇದೆ. ಮೊದಲೆಲ್ಲ ಕೈ ಹಾಕಿದರೆ ಮರಿಗಳು ಅಂಗಾತ ಬಿದ್ದು ಪರಚುತ್ತಿದ್ದವು. ಈಗ ಕೈಮೇಲೆ ಒಂದು ಗೀರೂ ಇಲ್ಲ.

ವಾಪಸು ಬರುವಾಗ ಯೋಡರನ ಹೊಲದ ಹತ್ತಿರ ವರ್ನಾ ನನ್ನ ತೋಳು ಹಿಡಿದಳು.

"ನಿಲ್ಸು, ಹಾರ್ಲನ್. ತಂತಿ ಮೇಲೆ ಕೂತಿದೆ. ಹೋದ್ವರ್ಷ ನೀನು ನೋಡಿದ್ದೂ ಇದೇ ಕಂಬದ ಹತ್ರ ಅಲ್ವಾ?"

ಕಾರು ನಿಲ್ಲಿಸಿ ದುರ್ಬೀನು ಎತ್ತಿದೆ. ಬೆಳವಕ್ಕಿ, ಪಾರಿವಾಳದ ಜಾತಿಯದು.

"ದೂರದಿಂದ ಥೇಟ್ ಚಾಣಾನೇ," ಅಂದಳು. "ಯಾರಿಗಾದ್ರೂ ಮೋಸ ಆಗತ್ತೆ. ನಿನಗಂತೂ ಆಗಲ್ಲ ಬಿಡು, ನಲವತ್ತು ವರ್ಷದಿಂದ ನೋಡ್ತಿದ್ದೀಯ."

ನಾನು ದುರ್ಬೀನು ಕೆಳಗಿಟ್ಟೆ. ಹೋದ ವರ್ಷವೂ ಪೆಟ್ಟಿಗೆಗಳೆಲ್ಲ ಖಾಲಿಯಿದ್ದವು. ಇಲ್ಲಿಗೆ ಬಂದಾಗ ಕಾರಿನಲ್ಲಿ ನಾನೊಬ್ಬನೇ ಇದ್ದೆ. ದುರ್ಬೀನು ತೊಡೆಯ ಮೇಲೇ ಇತ್ತು. 'ಚಾಣ, ಒಂದು' ಎಂದು ಬರೆದುಕೊಂಡು ಮುಂದೆ ಹೋದೆ. ನಿಲ್ಲಿಸುವ ಧೈರ್ಯ ಬರಲಿಲ್ಲ. ಸರಿಯಾಗಿ ನೋಡಿದರೆ ಬೆಳವಕ್ಕಿಯಾಗಿಬಿಟ್ಟರೆ ಎಂಬ ಭಯ.