ಪ್ಲೇಗಿನ ಕಾಲದ ಹಾಡು

ಬಾಗಲೂರು
ಬುಧವಾರ, 12-2-2025

ಅಕ್ಕನ ಮಗಳು ಧನುಶ್ರೀಗೆ ಸೋದರಮಾವ ಹನುಮಯ್ಯನ ಆಶೀರ್ವಾದ. ಕಾಗದ ಓದಿ ಮುಗಿಸಿದ ಮೇಲೆ ಆ ಆಶೀರ್ವಾದವನ್ನು ಇಟ್ಟುಕೊಳ್ಳುವುದೋ ವಾಪಸು ಕಳಿಸುವುದೋ ನಿನಗೆ ಬಿಟ್ಟದ್ದು.

ಫೋನ್ ಇರುವಾಗ ಕಾಗದ ಯಾಕೆ ಎನ್ನುತ್ತೀಯ. ಫೋನಿನಲ್ಲಾದರೆ ನಾನು ತಮಾಷೆಗೆ ಇಳಿಯುತ್ತೇನೆ, ನೀನು ನಗುತ್ತೀಯ, ಹೇಳಬೇಕಾದ್ದು ಹೊಟ್ಟೆಯಲ್ಲೇ ಉಳಿಯುತ್ತದೆ. ಸೋಮವಾರದಿಂದ ಮೂರು ಸಲ ಹಾಗೇ ಆಯಿತು. ಮತ್ತೆ ನನ್ನ ಅಕ್ಷರವೇನು ಸಾಮಾನ್ಯವಲ್ಲ. ಏಳನೇ ಕ್ಲಾಸಿಗೆ ಸ್ಕೂಲು ಬಿಟ್ಟವನಾದರೂ ಅರ್ಜಿ ಬರೆಸಿಕೊಳ್ಳಲು ಅರ್ಧ ಊರು ನನ್ನ ಜಗಲಿಗೇ ಬರುತ್ತಿತ್ತು. ನನ್ನ ಒಂದು ಅರ್ಜಿ ಓದಿ ತಹಸೀಲ್ದಾರರು ಕಣ್ಣೊರೆಸಿಕೊಂಡದ್ದುಂಟು. ಕಣ್ಣಿಗೆ ಧೂಳು ಬಿದ್ದಿತ್ತು ಎಂದು ಹೇಳುವ ಹೊಟ್ಟೆಕಿಚ್ಚಿನವರೂ ಇದ್ದಾರೆ, ಇರಲಿ.

ನೋಡು, ಮತ್ತೆ ಜಾರಿಕೊಳ್ಳುತ್ತಿದ್ದೇನೆ. ವಿಷಯ ಇದು. ಎದುರುಮನೆ ಗೋಪಾಲಮ್ಮ ಹಾಡಿ ಅತ್ತದ್ದನ್ನು ನೀನು ರೆಕಾರ್ಡ್ ಮಾಡಿಕೊಂಡು ಹೋದೆಯಲ್ಲ, ಆ ಹಾಡು ಪ್ಲೇಗಿನ ಕಾಲದ್ದಲ್ಲ. ನಮ್ಮವ್ವ ಪಟಾಲಮ್ಮನದೂ ಅಲ್ಲ. ಕಟ್ಟಿದವನು ನಾನು. ಶನಿವಾರ ಸೋಲದೇವನಹಳ್ಳಿಯ ನಿಮ್ಮ ಕಾಲೇಜಿನಲ್ಲಿ, ಐರ್ಲೆಂಡಿನ ಸಾಹಿತ್ಯ ಓದಿಕೊಂಡವರೆಲ್ಲ ಸೇರುವ ಸಭೆಯಲ್ಲಿ ನೀನು ಅದರ ಮೇಲೆ ಪ್ರಬಂಧ ಓದುವವಳಿದ್ದೀಯ. ಓದಬೇಡ ತಾಯಿ.

ಹೋದ ಶ್ರಾವಣದಲ್ಲಿ ನೀನು ಬಂದು ಕೂತದ್ದು ನೆನಪಿದೆ. ಐರ್ಲೆಂಡಿನ ಹಳ್ಳಿಗಳಲ್ಲಿ ಹೆಂಗಸರು ಸಾವಿನ ಮನೆಗೆ ಬಂದು, ಸತ್ತವರ ಗುಣ ಎಣಿಸಿ ಎಣಿಸಿ ಹಾಡಿ ಅಳುತ್ತಿದ್ದರು, ಪಾದ್ರಿಗಳು ಬೈದು ಬೈದು ಅದನ್ನು ನಿಲ್ಲಿಸಿದರು ಎಂದು ನೀನು ಹೇಳಿದೆ. ನಮ್ಮ ಕಡೆಯೂ ಹಾಡಿ ಅಳುತ್ತಾರಲ್ಲ ಮಾವ, ಹಳೇ ಹಾಡು ಯಾರಿಗಾದರೂ ಬರುತ್ತಾ ಎಂದೆ. ನನ್ನ ಬಾಯಿ ನಿನಗೆ ಗೊತ್ತು. ನಮ್ಮವ್ವ ಅಳಲು ಕೂತರೆ ನಲವತ್ತು ಹಳ್ಳಿ ಅಳುತ್ತಿತ್ತು, ಹೆಣವೂ ಎದ್ದು ಕೂತು ಕೇಳುತ್ತಿತ್ತು ಎಂದುಬಿಟ್ಟೆ. ನಿಜ ಹೇಳಲಾ? ನಮ್ಮವ್ವ ಸಾವಿನ ಮನೆಗೆ ಹೋದರೆ ಮೂಲೆಯಲ್ಲಿ ಕೂತು ಎಲೆ ಅಡಿಕೆ ಹಾಕಿಕೊಂಡು ಎದ್ದು ಬರುತ್ತಿದ್ದಳು.

ಅಷ್ಟು ಜಂಬ ಕೊಚ್ಚಿದ ಮೇಲೆ ನಿನ್ನನ್ನು ಬರಿಗೈಯಲ್ಲಿ ಕಳಿಸುವುದು ಹೇಗೆ? ತಮಾಷೆಗೆ ಅರ್ಧ ಗಂಟೆ ಕೂತು ಹೊಸೆದ ಸಾಲು ಅವು. ಗೋಪಾಲಮ್ಮನಿಗೆ ಹೇಳಿಕೊಟ್ಟವನೂ ನಾನೇ.

ಮುಖಾನೂ ತೋರ್ದಂಗೆ ಹೋದ್ಯಲ್ಲೇ ಬಂಗಾರಾ
ಮನೆ ಹೊಸ್ಲಿಗೂ ಬರ್ದಂಗೆ ಹೋದ್ಯಲ್ಲೇ
ಅರಿಶ್ನ ಹಚ್ಚೋಕೆ ಕೈಯಿದ್ವು, ಮುಟ್ಟೋಕೆ ಬಿಡ್ನಿಲ್ಲ
ಬಾಯಿಗ್ ನೀರು ಬಿಡೋರಿಲ್ದಂಗೆ ಹೋದ್ಯಲ್ಲೇ

ಕೇಳಿ ಮುಗಿಸಿ ನೀನೇ ಕೇಳಿದೆ: "ಮುಖ ತೋರ್ಸಿಲ್ಲ, ಮುಟ್ಟೋಕೆ ಬಿಟ್ಟಿಲ್ಲ ಅಂದ್ರೆ ಏನ್ ಮಾವ, ಪ್ಲೇಗಾ?" ನಾನು "ಹೂಂ ಮತ್ತೆ, ಪ್ಲೇಗೇ" ಎಂದೆ. ಅಷ್ಟೇ ನಾನು ಹೇಳಿದ್ದು. ಆ ಒಂದು ಹೂಂ ಹಿಡಿದುಕೊಂಡು ನೀನು ನೂರಿಪ್ಪತ್ತು ವರ್ಷ ಹಿಂದಿನ ಕಡತಗಳನ್ನೆಲ್ಲ ತೆಗೆಸಿದೆ. ಅಲ್ಲಿ ಐರ್ಲೆಂಡಿನಲ್ಲಿ ಆಲೂಗಡ್ಡೆ ಬೆಳೆ ಕೊಳೆತು ಜನ ಹಸಿವಿನಿಂದ ಸತ್ತಾಗ ಅಳುವವರೂ ಇಲ್ಲದೆ ಗುಂಡಿಗೆ ಹಾಕಿದರು, ಇಲ್ಲಿ ಪ್ಲೇಗಿನಲ್ಲಿ ಹೀಗಾಯಿತು ಎಂದು ಎರಡನ್ನೂ ಜೋಡಿಸಿದೆ. ಅರವತ್ತು ಪುಟ ಆಯಿತು ಎಂದು ನೀನು ಫೋನ್ ಮಾಡಿದ ದಿನ ನಾನು ಹೋಟೆಲಿನಲ್ಲಿ ನಿಂತು, ನಮ್ಮವ್ವನ ಮೇಲೆ ಇಂಗ್ಲಿಷಿನಲ್ಲಿ ಪುಸ್ತಕ ಬರುತ್ತಿದೆ ಎಂದು ಟೀ ಕುಡಿಯುವವರಿಗೆಲ್ಲ ಸಾರಿದೆ. ಆಗಲೂ ಹೇಳಬಹುದಿತ್ತು. ಹೇಳಲಿಲ್ಲ.

ಈ ಭಾನುವಾರ ನೀನು, ನಿಮ್ಮ ಸಭೆಗೆಂದು ಬಂದಿರುವ ಐರ್ಲೆಂಡ್ ಮೇಡಂ ಅವರನ್ನು ಮನೆಗೆ ಕರೆತಂದೆ. ಮುದ್ದೆಯನ್ನು ಅಗಿಯಬಾರದು, ನುಂಗಬೇಕು ಎಂದು ನಾನು ತೋರಿಸಿಕೊಟ್ಟದ್ದಕ್ಕೆ ಎಷ್ಟು ನಕ್ಕರು! ಅದೇ ಮೇಡಂ ಗೋಪಾಲಮ್ಮ ಹಾಡುವಾಗ ಅವಳ ಎರಡೂ ಕೈ ಹಿಡಿದುಕೊಂಡು ಅತ್ತುಬಿಟ್ಟರು. ಮುಟ್ಟಲು ಬಿಡದವರು ಯಾರು ಎಂದು ಕೇಳಿದರು. ನೀನು ಪ್ಲೇಗಿನ ಅಧಿಕಾರಿಗಳು ಎಂದು ವಿವರಿಸಿದೆ. ತಮ್ಮ ದೇಶದ ಪತ್ರಿಕೆಯಲ್ಲಿ ಪ್ರಬಂಧವನ್ನು ನಿನ್ನ ಹೆಸರಿನಲ್ಲೇ ಅಚ್ಚು ಹಾಕಿಸುತ್ತೇನೆ ಎಂದರಂತೆ. ಕಾರು ಹತ್ತುವ ಮುಂಚೆ ನೀನು ನನ್ನ ಕಿವಿಯಲ್ಲಿ, "ಮಾವ, ಇದೊಂದು ಬಂದ್ರೆ ನನ್ ಕೆಲ್ಸ ಪರ್ಮನೆಂಟ್ ಆದಂಗೇ" ಎಂದೆ. ಏಳು ವರ್ಷದಿಂದ ಗೆಸ್ಟ್ ಲೆಕ್ಚರರ್ ಎನ್ನಿಸಿಕೊಂಡು, ವರ್ಷ ವರ್ಷ ಬಾಗಿಲಲ್ಲಿ ನಿಂತು ಕೇಳಿಕೊಳ್ಳುವ ಮಗು ನೀನು.

ನಿಮ್ಮ ಕಾರು ತಿರುವು ದಾಟಿದ್ದೇ ತಡ, ಗೋಪಾಲಮ್ಮ ನನ್ನ ಮೇಲೆ ಬಿದ್ದಳು. "ಏನ್ಲಾ ಅನುಮ, ಆ ಮಗೀಗೆ ಇನ್ನೂ ಯೋಳಿಲ್ವಾ? ದೊರೆಸಾನಿ ಕೈ ಇಡ್ಕಂಡು ಅಳ್ತಾವ್ಳೆ, ನಂಗೆ ಎದೆ ಡವಡವ ಅಂತೈತೆ. ಸನಿವಾರ ಕರ್ಕಂಡೋದ್ರೆ ಎಲ್ಲಾರ್ ಮುಂದೆ ಎದ್ದು ನಾನೇ ಯೋಳ್ಬುಡ್ತೀನಿ ಕಣ್ಲಾ!"

ಸುಮ್ಮನಿರಮ್ಮ, ಹಾಡು ಹಳೆಯದಾದರೇನು ಹೊಸದಾದರೇನು ಎಂದೆ.

"ಅಂಗಾದ್ರೆ ನೀನೇ ಸೀರೆ ಉಟ್ಕಂಡ್ ಓಗಿ ಆಡ್ಲಾ" ಎಂದು ಎದ್ದು ನಡೆದೇಬಿಟ್ಟಳು. ಎಂಬತ್ತು ದಾಟಿದರೂ ಆ ಬಾಯಿ ನೋಡು.

ಅವಳಿಗೆ ಹೆದರಿ ಬರೆಯುತ್ತಿದ್ದೇನೆ ಎಂದುಕೊಂಡರೂ ತಪ್ಪಿಲ್ಲ. ಆದರೆ ಅವಳು ಬಾಯಿ ಮುಚ್ಚಿಕೊಂಡರೂ, ಅಚ್ಚಾದದ್ದನ್ನು ಓದಿ ಇನ್ನೊಬ್ಬರು ಬಾಗಲೂರಿಗೆ ಬಂದು ಕೇಳಿಯೇ ಕೇಳುತ್ತಾರೆ. ಸುಳ್ಳು ನನ್ನದು, ಹೋಗುವ ಮಾನ ನಿನ್ನದು. ನಾನು ಯಾರು? ಹನುಮಯ್ಯ ಬುರುಡೆ ಬಿಟ್ಟ ಎಂದರೆ ಊರಲ್ಲಿ ಯಾರೂ ತಲೆ ಎತ್ತಿ ಸಹ ನೋಡುವುದಿಲ್ಲ. ನೀನು ಹಾಗಲ್ಲ. ನೀನು ಬರೆದದ್ದನ್ನು ಜನ ನಂಬುತ್ತಾರೆ.

ಮೇಡಂ ಅವರಿಗೆ ನಿಜ ಹೇಳು. ನನ್ನ ಹೆಸರು ಹೇಳಿಯೇ ಹೇಳು. ನಾನೇ ಬಂದು ಆ ಸಭೆಯಲ್ಲಿ ನಿಂತು ಒಪ್ಪಿಕೊಳ್ಳಬೇಕೆಂದರೆ ಬರುತ್ತೇನೆ, ಬಿಳಿ ಪಂಚೆ ಇಸ್ತ್ರಿ ಮಾಡಿಸಿಟ್ಟಿದ್ದೇನೆ. ನೀನು ಕೆಲಸ ಕಳೆದುಕೊಂಡರೆ ಮಾತ್ರ ನಾನೇನು ಮಾಡಬೇಕೋ ನನಗೆ ತೋಚುತ್ತಿಲ್ಲ. ನಿಮ್ಮತ್ತೆ ಇದ್ದಿದ್ದರೆ ಮೊದಲನೇ ದಿನವೇ ನನ್ನ ಕಿವಿ ಹಿಂಡಿ ನಿನ್ನ ಮುಂದೆ ನಿಲ್ಲಿಸುತ್ತಿದ್ದಳು. ನಾಳೆ ಬೆಳಗ್ಗೆ ಬಸ್ಸಿಗೆ ಬಂದು ಇದನ್ನು ನಿಮ್ಮ ಕಾಲೇಜಿನ ಗೇಟಿನಲ್ಲಿ ಕೊಟ್ಟು ಹಾಗೇ ಹಿಂದಿರುಗುತ್ತೇನೆ.

ನಿನ್ನೆದುರು ನಿಲ್ಲಲು ಹೆದರುವ ಮಾವ,
ಹನುಮಯ್ಯ

ಕಾಗದ ಮಡಿಸಿದ ಮೇಲೆ ಬರೆದದ್ದು: ತಮಾಷೆಗೆ, ಅರ್ಧ ಗಂಟೆಯಲ್ಲಿ ಎಂದದ್ದೂ ಸುಳ್ಳು. ಕೊರೊನಾ ಎರಡನೇ ಸಲ ಬಂದಾಗ ನಿಮ್ಮತ್ತೆಯನ್ನು ಆಸ್ಪತ್ರೆಯಿಂದ ಸೀದಾ ಸುಡುಗಾಡಿಗೆ ಒಯ್ದರು. ನೀನೂ ಅಕ್ಕನೂ ಯಲಹಂಕದಲ್ಲಿ ಜ್ವರ ಹಿಡಿದು ಮಲಗಿದ್ದಿರಿ. ನಾನೊಬ್ಬನೇ ಮನೆಯೊಳಗೆ. ಗಂಡಸು ಹಾಡಿ ಅಳುವುದು ನಮ್ಮಲ್ಲಿಲ್ಲ. ಹನ್ನೊಂದು ದಿನ ಬರೆದು ಹರಿದು, ಬರೆದು ಹರಿದು, ಕೊನೆಗೆ ಕಿಟಕಿಯಿಂದ ಗೋಪಾಲಮ್ಮನಿಗೆ ಓದಿ ಹೇಳಿದೆ. ಅವಳು ಬಾಯಿಗೆ ಸೆರಗು ಕಟ್ಟಿಕೊಂಡು ಬೀದಿಯಲ್ಲೇ ಕೂತು ನನ್ನ ಪರವಾಗಿ ಅತ್ತಳು. ನಿನ್ನ ರೆಕಾರ್ಡಿನಲ್ಲಿರುವುದು ಅವಳು ಎರಡನೇ ಸಲ ಅತ್ತದ್ದು. ಹಳೇ ಹಾಡು ಯಾರಿಗಾದರೂ ಬರುತ್ತಾ ಎಂದು ನೀನು ಕೇಳಿದಾಗ ನನಗೆ ಅದನ್ನು ಇನ್ನೊಂದು ಸಲ ಕೇಳಬೇಕೆನ್ನಿಸಿತು ಕಣಮ್ಮ. ಹಾಡನ್ನು ಉಳಿಸಿಕೊಳ್ಳುವುದಾದರೆ ಪ್ಲೇಗು ಎಂದಿರುವ ಕಡೆಯೆಲ್ಲ ಹೊಡೆದುಹಾಕಿ ನಿಮ್ಮತ್ತೆಯ ಹೆಸರು ಬರೆ, ಮುನಿಕೃಷ್ಣಮ್ಮ ಎಂದು.