ಕೆಂಪು ನೂಲಿನ ಗಂಟು

ಮಾರ್ಚ್ ೧೪, ಶುಕ್ರವಾರ

ನನ್ನ ಚುಕ್ಕಿಗೆ,

ಅಮ್ಮ ಮಾಡುವ ಆಶೀರ್ವಾದಗಳು. ಹೊತ್ತಿಗೆ ಸರಿಯಾಗಿ ಊಟ ಮಾಡ್ತಿದ್ದೀಯ ತಾನೆ? ಲ್ಯಾಬಿನಲ್ಲಿ ಹಾಕೋ ಕೈಗವಸು ಹರಿದಿಲ್ಲ ತಾನೆ? ದಿನಾ ಬೆಳಕಿಗೆ ಹಿಡಿದು ನೋಡಿ ಹಾಕಿಕೋ. ಬರೆಯೋದು ತಡವಾಯಿತು, ಬೈಕೋಬೇಡ. ಬರೆಯೋದು, ಹರಿಯೋದು, ಇದೇ ಆಯಿತು. ಇಲ್ಲಿ ಗೋಡೆಗೂ ಕಿವಿ. ಅರ್ಧಕ್ಕೇ ಶಾಲೆ ಬಿಟ್ಟವಳ ಅಕ್ಷರ, ಹೊಂದಿಸಿಕೊಂಡು ಓದು.

ಹೋದ ತಿಂಗಳು ನೀನು ನಿನ್ನ ಕೆಲಸದ ವಿಷಯ ಹೇಳಿದೆಯಲ್ಲ, ಅದು ನನ್ನ ತಲೆಯಿಂದ ಹೋಗಲೇ ಇಲ್ಲ ಕಣೆ. ಫ್ಲೂ ಜ್ವರದ ವೈರಸ್ಸು ಜೀವಕೋಶದ ಒಳಗೆ ಹೋಗಿ ಯಾವ ಯಂತ್ರವನ್ನೂ ಮುರಿಯೋದಿಲ್ಲವಂತೆ. ಪ್ರೋಟೀನು ತಯಾರಿಸೋ ಯಂತ್ರಕ್ಕೆ ಕೋಶ ಚೀಟಿ ಕಳಿಸುತ್ತಂತೆ, ಚೀಟಿಯ ತಲೆಗೆ ಒಂದು ಟೋಪಿ ಇರುತ್ತಂತೆ, ಟೋಪಿ ಕಂಡರೆ ಮಾತ್ರ ಯಂತ್ರ ಓದೋದಂತೆ. ವೈರಸ್ಸು ಆ ಟೋಪಿ ಕತ್ತರಿಸಿ ತನ್ನ ಚೀಟಿಗೆ ಹಾಕಿಕೊಳ್ಳುತ್ತೆ. ಯಂತ್ರ ಪಾಪ, ಮನೆಯವರ ಕೆಲಸ ಅಂದುಕೊಂಡು ಕಳ್ಳನ ಕೆಲಸ ಮಾಡುತ್ತೆ. ‘ಕೂಗಿಕೊಳ್ಳೋಕಾದರೂ ಆಗಲ್ವೇನೇ ಅದಕ್ಕೆ?’ ಅಂತ ಕೇಳಿದ್ದಕ್ಕೆ ನೀನು, ‘ಕೂಗೋಕೂ ಪ್ರೋಟೀನೇ ಬೇಕಲ್ಲಮ್ಮ, ಅದೂ ತಯಾರಾಗಲ್ಲ’ ಅಂದೆ. ಆವತ್ತು ಊಟ ಅರ್ಧಕ್ಕೇ ಬಿಟ್ಟು ಎದ್ದೆ.

ಯಾಕೆ ಅಂದರೆ ನಮ್ಮ ಹೊಲಿಗೆ ಕೋಣೇಲೂ ಹಾಗೇ ಏನೋ ನಡೀತಿದೆ ಅನಿಸಿತು. ಕತ್ತರಿಸಿದ ಬಟ್ಟೆಯ ಕಟ್ಟಿಗೆ ನಾನು ಕೆಂಪು ನೂಲಿನ ಗಂಟು ಹಾಕಿದರೆ ಮಾತ್ರ ಹೊಲಿಯೋರು ಕೈಗೆತ್ತಿಕೊಳ್ಳೋದು, ನಿಮ್ಮಪ್ಪನ ಕಾಲದಿಂದಲೂ ಹಾಗೇ. ಈಚೆಗೆ ಮಷೀನುಗಳು ದಿನವಿಡೀ ಗಡಗಡ ಅಂತಾವೆ, ಆಸ್ಪತ್ರೆಗೆ ಕೊಡಬೇಕಾದ ನಿಲುವಂಗಿ ಮಾತ್ರ ಮುಗಿಯೋದೇ ಇಲ್ಲ! ಅಲ್ಲಿನ ಉಗ್ರಾಣದವರು, ‘ಇನ್ನೊಂದು ಸಲ ತಡವಾದರೆ ಬೇರೆಯವರಿಗೆ ಕೊಡ್ತೀವಿ ಕಣಮ್ಮ’ ಅಂದುಬಿಟ್ಟರು. ಆ ಕೆಲಸ ಹೋದರೆ ನಮ್ಮ ಕೋಣೆಯ ಕದ ಮುಚ್ಚಿದ ಹಾಗೇ.

ಮೊದಲು ಅನುಮಾನ ಬಂದದ್ದು ಹೊಸ ಹೊಲಿಗೆಯವನ ಮೇಲೆ. ಮಾತಿಲ್ಲ, ಕತೆಯಿಲ್ಲ, ಎಲ್ಲರೂ ‘ಬಾಯಿಬೀಗ’ ಅಂತಲೇ ಕರೆಯೋದು. ಅವನ ಚೀಲ ತಡಕಿದೆ. ಒಂದು ಬಾಚಣಿಗೆ, ಒಂದು ಒಡಕು ಕನ್ನಡಕ. ತಿರುಗಿದರೆ ಬಾಗಿಲಲ್ಲೇ ನಿಂತಿದ್ದಾನೆ! ‘ಏನಾದ್ರೂ ಸಿಕ್ತಾ ಅಕ್ಕ? ಸಿಕ್ಕರೆ ನನಗೂ ಒಂದಿಷ್ಟು ಕೊಡಿ’ ಅಂದ. ನೆಲ ಬಿರಿದು ನುಂಗಬಾರದೇ ಅನಿಸಿತು. ಆಮೇಲೆ ನಿಮ್ಮತ್ತಿಗೆ ಮೇಲೆ ಅನುಮಾನ. ದಿನಾ ಮಧ್ಯಾಹ್ನ, ‘ಬನ್ನಿ ಅತ್ತೆ, ಮನೇಲಿ ಸ್ವಲ್ಪ ಒರಗಿಕೊಳ್ಳಿ’ ಅಂತಾಳೆ. ಇಷ್ಟು ವರ್ಷ ಇಲ್ಲದ ಅಕ್ಕರೆ ಈಗ ಎಲ್ಲಿಂದ ಉಕ್ಕಿತು?

ನಿನ್ನೆ ಊಟಕ್ಕೆ ಹೊರಟ ಹಾಗೆ ಹೊರಟು, ಹಿಂಬಾಗಿಲಿಂದ ಬಂದು, ಅಳತೆ ತೆಗೆಯೋ ಪರದೆಯ ಹಿಂದೆ ನಿಂತೆ. ಕೋಣೆ ಖಾಲಿ. ನಿಮ್ಮಣ್ಣ ಬಂದ. ಆಸ್ಪತ್ರೆಯ ಕಟ್ಟಿನಿಂದ ನನ್ನ ಗಂಟು ಬಿಡಿಸಿ, ಯಾವುದೋ ಹೋಟೆಲಿನ ಸಮವಸ್ತ್ರದ ಕಟ್ಟುಗಳಿಗೆ ಒಂದೊಂದಾಗಿ ಕಟ್ಟಿದ. ಹೋಟೆಲಿನ ಕೆಲಸ ನಮ್ಮದಲ್ಲ, ಅವನು ಬೇರೆಯಾಗಿ ಒಪ್ಪಿಕೊಂಡದ್ದು. ಎಷ್ಟು ನಾಜೂಕು ಕೈ ಅಂತೀಯ! ನಾನೇ ಕಲಿಸಿದ್ದು.

‘ಏನೋ ಇದು?’ ಅಂದೆ. ಬೆಚ್ಚಲೂ ಇಲ್ಲ. ‘ಆಸ್ಪತ್ರೆ ಕೆಲಸ ತಾನಾಗೇ ಕೈತಪ್ಪಲಿ ಅಂತ ಕಾಯ್ತಿದ್ದೆ ಅಮ್ಮ. ಆಮೇಲೆ ಕೋಣೆ ನಾನು ನೋಡ್ಕೋತೀನಿ, ನೀನು ಮನೇಲಿ ಆರಾಮಾಗಿರು. ಬಾಯಿಬಿಟ್ಟು ಹೇಳಿದ್ದರೆ ನೀನು ಒಪ್ತಿದ್ಯಾ?’ ಅಂದ.

‘ನಾನೇನು ತುಕ್ಕು ಹಿಡಿದ ಮಷೀನಾ, ಮೂಲೆಗೆ ತಳ್ಳೋಕೆ?’

‘ನೋಡು, ಶುರುವಾಯ್ತು’ ಅಂತ ನಕ್ಕ.

ಇವತ್ತು ಬೆಳಗ್ಗೆ ಆಸ್ಪತ್ರೆ ಕಟ್ಟನ್ನು ನಾನೇ ಹೊತ್ತುಕೊಂಡು ಹೋಗಿ ಬಾಯಿಬೀಗನ ಕೈಗಿಟ್ಟೆ. ‘ಗಂಟು ಇಲ್ವಲ್ಲ ಅಕ್ಕ?’ ಅಂದ. ‘ನಾನೇ ನಿಂತಿದ್ದೀನಲ್ಲಪ್ಪ’ ಅಂದೆ. ನನ್ನ ಮುಖ ನೋಡಿದ, ಹೊಲಿಯೋಕೆ ಕೂತ. ಇನ್ನು ದಿನಾ ಸಂಜೆತನಕ ಅಲ್ಲೇ ನಿಲ್ಲಬೇಕು, ಕಾಲು ನೋಯುತ್ತೆ, ನೋಯಲಿ.

ನೀನು ಚೆನ್ನಾಗಿರು, ನಿದ್ದೆಗೆಡಬೇಡ. ನಿನ್ನ ಕಾಲಿಗೆ ಕಲ್ಲೂ ತಾಗದಿರಲಿ ಮಗಳೇ.

ಇಂತಿ,
ನಿನ್ನ ಅಮ್ಮ

ಬರೆಯೋದು ಮರೆತೆ. ಮರೆತೆ ಅಂತಲ್ಲ, ಕೈ ಬರಲಿಲ್ಲ. ‘ನಿನ್ನ ತಂಗಿಗೆ ಇದು ಗೊತ್ತೇನೋ?’ ಅಂತ ಅವನನ್ನ ಕೇಳಿದ್ದೆ. ‘ಅಮ್ಮನಿಗೆ ಈಗಲೇ ಹೇಳಬೇಡ, ಸುಮ್ಮನೆ ಗಾಬರಿಯಾಗ್ತಾಳೆ ಅಂದದ್ದೇ ಅವಳು’ ಅಂದ. ಸುಳ್ಳು ಬೊಗಳ್ತಾನೆ ಅಂದುಕೊಂಡೆ. ಈಗಲೂ ಹಾಗೇ ಅಂದುಕೊಳ್ತಾ ಇದ್ದೀನಿ. ಹೌದೋ ಅಲ್ಲವೋ, ಅಷ್ಟು ಬರೆದು ಕಳಿಸು. ಫೋನು ಮಾತ್ರ ಮಾಡಬೇಡ ಚುಕ್ಕಿ. ನಿನ್ನ ದನಿ ಕೇಳಿದರೆ ನೀನು ಏನು ಹೇಳಿದರೂ ನಂಬಿಬಿಡ್ತೀನಿ.