ಸಾದುಲ್ಲಾರ ಹೆಸರಿಗೆ ಬರುವ ದಂಡ

ಮದೀನಾ
೨೦ ನವೆಂಬರ್ ೨೦೨೪, ಬುಧವಾರ

ನನ್ನ ಪ್ರೀತಿಯ ಮೋಹಿನಿ,

ನಿನ್ನ ಬತೂಲಳ ಸಲಾಮು. ನಿನ್ನ ಮಂಡಿನೋವು ಹೇಗಿದೆ? ನೀನು ಬರೆದ ಎರಡು ಕಾಗದಗಳು ನನ್ನ ಕಪಾಟಿನಲ್ಲಿ ಕೂತು ನನ್ನನ್ನೇ ದುರುಗುಟ್ಟಿ ನೋಡುತ್ತಿವೆ. ಉತ್ತರ ಬರೆಯದ್ದಕ್ಕೆ ಬೈಯಬೇಡ. ಕೂತಾಗಲೆಲ್ಲ ‘ನಾವಿಲ್ಲಿ ಕ್ಷೇಮ’ ಎಂಬ ಸಾಲಿನವರೆಗೆ ಬಂದು ಪೆನ್ನು ನಿಂತುಬಿಡುತ್ತಿತ್ತು. ಈ ಮನೆಯಲ್ಲಿ ಈಗ ‘ನಾವು’ ಎಂದು ಬರೆಯಲು ಯಾರಿದ್ದಾರೆ ಹೇಳು.

ಫೋನ್ ಮಾಡಬಹುದಿತ್ತು. ಆದರೆ ನೀನು ಎತ್ತಿದ ಕೂಡಲೇ “ಎಂತ ಮಾಡುವುದು ಮಾರಾಯ್ತಿ” ಎಂದು ಅಳಲು ಶುರು ಮಾಡುತ್ತೀ, ನಾನೂ ಅಳುತ್ತೇನೆ, ಹೇಳಬೇಕಾದದ್ದು ಹೊಟ್ಟೆಯಲ್ಲೇ ಉಳಿಯುತ್ತದೆ. ಆದ್ದರಿಂದ ಹಳೆಯ ಪದ್ಧತಿಯೇ ಸರಿ. ಉಮ್ರಾ ಯಾತ್ರೆಗೆ ಬಂದ ನಮ್ಮ ಭಟ್ಕಳದ ಗುಂಪು ಶುಕ್ರವಾರ ಹಿಂದಿರುಗುತ್ತದೆ. ನಮ್ಮ ಹಳೆಯ ನೆರೆಮನೆಯ ಇಕ್ರಾಮುಲ್ಲಾನ ಕೈಯಲ್ಲಿ ಕಾಗದವನ್ನೂ ಒಂದು ಡಬ್ಬಿ ಅಜ್ವಾ ಖರ್ಜೂರವನ್ನೂ ಕಳಿಸುತ್ತಿದ್ದೇನೆ. ಖರ್ಜೂರ ನಿನ್ನ ಮೊಮ್ಮಕ್ಕಳಿಗೆ. ನೀನು ಒಂದೊಂದೇ ತಿನ್ನು, ಮೇಡಂ ಆಗಿದ್ದವಳೆಂದು ನಿನಗೆ ಬುದ್ಧಿ ಹೇಳುವವರು ಯಾರೂ ಇಲ್ಲದಂತಾಗಿದೆ.

ಫೆಬ್ರವರಿಯಲ್ಲಿ ಇವರು ಹೋದ ಸುದ್ದಿ ನಿನಗೆ ಗೊತ್ತೇ ಇದೆ. ಆಮೇಲೆ ಇದ್ದತ್ತಿನ ತಿಂಗಳುಗಳು. ಗಂಡನನ್ನು ಕಳೆದುಕೊಂಡವಳು ಹೊಸ್ತಿಲು ದಾಟದೆ ಇರಬೇಕಾದ ದಿನಗಳು. ಅವು ನನಗೆ ಕಷ್ಟವಾಗಲಿಲ್ಲ, ನಿಜ ಹೇಳುತ್ತೇನೆ. ಹೊರಗೆ ಹೋಗಬೇಡ ಎಂದರೆ ಸರಿ, ಹೋಗುವುದಾದರೂ ಎಲ್ಲಿಗೆ? ಎದುರು ಫ್ಲ್ಯಾಟಿನ ಜಮೀಲಮ್ಮ, ಮಂಗಳೂರಿನ ಹೆಂಗಸು, ಮಧ್ಯಾಹ್ನ ಬಂದು ಕೂರುತ್ತಿದ್ದರು. ಅವರು ಮಾತಾಡುವುದು ಜಾಸ್ತಿ, ಆದರೆ ಮನಸ್ಸು ಒಳ್ಳೆಯದು. ಇದ್ದತ್ತು ಮುಗಿದ ಮೇಲೆಯೇ ಕಷ್ಟ ಶುರುವಾದದ್ದು. ಬಾಗಿಲು ತೆರೆದಿದೆ, ಕಾರಿನ ಕೀಲಿ ಮೊಳೆಯಲ್ಲಿ ನೇತಾಡುತ್ತಿದೆ, ಕರೆದುಕೊಂಡು ಹೋಗಬೇಕಾದವರು ಇಲ್ಲ.

ನಾನು ಕಾರು ಕಲಿತದ್ದೇ ಇವರಿಗಾಗಿ ಅಲ್ಲವೇ. ಸಕ್ಕರೆ ಕಾಯಿಲೆ ಮೊದಲು ಕಣ್ಣು ತೆಗೆದುಕೊಂಡಿತು, ಆಮೇಲೆ ಕಿಡ್ನಿ. ಹರಮ್ ಮಸೀದಿಯ ಹತ್ತಿರದ ಟೊಪ್ಪಿ, ತಸ್ಬೀಹ್ ಮಣಿಸರಗಳ ಅಂಗಡಿಯನ್ನು ಪಾಲುದಾರರಿಗೆ ಬಿಟ್ಟುಕೊಟ್ಟೆವು. ಇಲ್ಲಿ ಹೆಂಗಸರಿಗೂ ಲೈಸೆನ್ಸ್ ಕೊಡಲು ಶುರು ಮಾಡಿದ್ದರು. ಶಾಲೆಯಲ್ಲಿ ಸೈಕಲ್ ಹತ್ತಲು ಹೆದರಿ ನಿನ್ನ ಹಿಂದೆ ಕೂರುತ್ತಿದ್ದ ಬತೂಲ್, ಐವತ್ತು ದಾಟಿದ ಮೇಲೆ ಸ್ಟೀರಿಂಗ್ ಹಿಡಿದಳು. ವಾರಕ್ಕೆ ಮೂರು ಸಲ ರಿಂಗ್ ರೋಡಿನಲ್ಲಿ ಡಯಾಲಿಸಿಸ್‌ಗೆ ಹೋಗುವುದು, ಬರುವುದು. ಅವರು ಪಕ್ಕದಲ್ಲಿ ಕೂತು, ಏನೂ ಕಾಣದಿದ್ದರೂ, “ಎಡಕ್ಕೆ ಲಾರಿ ಉಂಟು, ನಿಧಾನ” ಎನ್ನುತ್ತಿದ್ದರು. ಲಾರಿ ಇರುತ್ತಿರಲಿಲ್ಲ.

ಕಾರು ಅವರ ಹೆಸರಿನದು. ಹಾಗಾಗಿ ರಸ್ತೆಯ ಕ್ಯಾಮೆರಾ ನನ್ನನ್ನು ಹಿಡಿದರೂ ದಂಡದ ಸಂದೇಶ ಅವರ ಫೋನಿಗೆ ಬರುತ್ತಿತ್ತು. ಮೊದಲ ಸಲ ಬಂದಾಗ ನಾನು ಹೆದರಿದೆ. ವಿದೇಶಿಯರು ನಾವು, ಇಕಾಮಾಕ್ಕೆ, ಇಲ್ಲಿರುವ ಪರವಾನಗಿಗೆ, ಏನಾದರೂ ತೊಂದರೆಯಾದರೆ ಎಂದು. ಓದಿ ಹೇಳಿದೆ. ಅವರು ನಕ್ಕದ್ದನ್ನು ನೀನು ನೋಡಬೇಕಿತ್ತು. “ಕಣ್ಣು ಕಾಣದವ ಇಷ್ಟು ಸ್ಪೀಡಲ್ಲಿ ಓಡಿಸಿದ್ದಾನೆ ಅಂತ ಸರ್ಕಾರವೇ ಬರೆದು ಕೊಟ್ಟಿದೆ ಬತೂಲ್. ಇದನ್ನು ಊರಿಗೆ ಕಳಿಸು.” ಬಂದವರಿಗೆಲ್ಲ ಅದನ್ನೇ ಹೇಳಿ ನಗಿಸಿದರು. ಆಮೇಲೆ ನಾನು ಹುಷಾರಾದೆ, ವರ್ಷಕ್ಕೊಂದು ಬಂದರೆ ಹೆಚ್ಚು.

ಈಗಿನ ಜಗಳ ಇದರದ್ದೇ. ಮಗ ನಬೀಲ್ ನನ್ನ ಇಕಾಮಾವನ್ನು ತನ್ನ ಹೆಸರಿಗೆ ಸೇರಿಸಿಕೊಂಡ. ಮನೆ ಬಾಡಿಗೆ, ಬ್ಯಾಂಕು ಎಲ್ಲ ಸರಿ ಮಾಡಿದ. ಜುಬೈಲ್‌ನಲ್ಲಿ ಕೆಲಸ ಮಾಡುತ್ತಾ ಇಲ್ಲಿಯದನ್ನೂ ನೋಡಿಕೊಳ್ಳುವುದು ಸುಲಭವಲ್ಲ, ಮಗನನ್ನು ಹೊಗಳಲೇಬೇಕು. ಉಳಿದದ್ದು ಕಾರು ಮಾತ್ರ. ಹಳೆಯ ದಂಡ ಏನೂ ಇರಬಾರದು, ಆಗ ಮಾತ್ರ ಹೆಸರು ಬದಲಾಯಿಸುತ್ತಾರಂತೆ. ಅವನು ಇದ್ದದ್ದನ್ನು ಕಟ್ಟಿದ. ಕಾಗದ ಕೊಟ್ಟ. ಅಷ್ಟರಲ್ಲಿ ಹೊಸದೊಂದು ಬಂತು. ಅದನ್ನೂ ಕಟ್ಟಿದ, ಮತ್ತೊಂದು. ಜುಲೈಯಿಂದ ಇದೇ ಕಥೆ. ಎಲ್ಲ ರಿಂಗ್ ರೋಡಿನ ಅದೇ ಕ್ಯಾಮೆರಾದಿಂದ.

“ಅಮ್ಮಾ, ಯಾರು ಓಡಿಸುವುದು ಈ ಕಾರು?” ಎಂದು ಫೋನಿನಲ್ಲಿ ಕೇಳಿದ.

“ನಾನೇ. ಮತ್ಯಾರು?”

“ಇಷ್ಟು ಸ್ಪೀಡಲ್ಲಾ?”

ಕ್ಯಾಮೆರಾ ಕೆಟ್ಟಿರಬೇಕು ಎಂದೆ. ಅವನು ನಂಬಲಿಲ್ಲ. ನಾನು ಸುಳ್ಳು ಹೇಳುವಾಗ ನನ್ನ ಸ್ವರ ಸಣ್ಣಗಾಗುತ್ತದೆ ಎಂದು ಇವರು ಯಾವಾಗಲೂ ಹೇಳುತ್ತಿದ್ದರು, ಮಗನಿಗೂ ಅದು ಗೊತ್ತಿರಬೇಕು.

ಸೊಸೆ ಸಫಾ ಒಳ್ಳೆಯ ಹುಡುಗಿ, ನನ್ನ ಮೇಲಿನ ಕಾಳಜಿಯಿಂದಲೇ, ಯಾರೋ ಡಾಕ್ಟರನ್ನು ಕೇಳಿದಳಂತೆ. ಅತ್ತೆಗೆ ಮರೆವಿನ ಕಾಯಿಲೆ ಶುರುವಾಗುತ್ತಿದೆಯೋ ಏನೋ, ವೇಗದ ಅಂದಾಜು ಸಿಗುತ್ತಿಲ್ಲವೋ ಎಂದು. ಮೊಮ್ಮಗಳು ಅಲೀನಾ ವಿಡಿಯೋ ಕಾಲಿನಲ್ಲಿ ನನಗೆ ಇಂಗ್ಲಿಷಿನಲ್ಲಿ ಪ್ರಶ್ನೆ ಹಾಕುತ್ತಾಳೆ: ದಾದೀಮಾ, ಇವತ್ತು ಯಾವ ವಾರ, ಬೆಳಿಗ್ಗೆ ಏನು ತಿಂದೆ? ಯಾರು ಕೇಳಲು ಹೇಳಿಕೊಟ್ಟದ್ದೆಂದು ನನಗೆ ಅರ್ಥವಾಗುವುದಿಲ್ಲವೇ. ಬುಧವಾರ, ಶಾವಿಗೆ ತಿಂದೆ, ನಿನ್ನ ಅಮ್ಮನಿಗೆ ಹೇಳು ಎಂದೆ. ಕೋಪ ಬಂತು ಮೋಹಿನಿ, ಆದರೆ ಮಗುವಿನ ಮೇಲೆ ತೋರಿಸುವುದು ಹೇಗೆ.

ಹೋದ ವಾರ ನಬೀಲ್ ರಜೆ ಹಾಕಿ ಬಂದ. ಬಂದವನೇ ಚಹಾ ಕೂಡ ಕುಡಿಯದೆ, “ನಡೆಯಿರಿ, ಒಂದು ಸುತ್ತು ಹೋಗಿ ಬರುವ” ಎಂದ. ಪಕ್ಕದಲ್ಲಿ ಕೂತ. ಅವರು ಕೂರುತ್ತಿದ್ದ ಜಾಗ. ನಾನು ತುಂಬಿದ ಹಾಲಿನ ಪಾತ್ರೆ ಹೊತ್ತವಳ ಹಾಗೆ ಓಡಿಸಿದೆ. ಹಿಂದಿನವರು ಹಾರ್ನ್ ಹೊಡೆದು ಹೊಡೆದು ಸುಸ್ತಾದರು. ಮನೆಗೆ ಬಂದ ಮೇಲೆ ಅವನು ಕೀಲಿಯನ್ನು ಮೊಳೆಗೆ ನೇತುಹಾಕಿದ.

“ಅಮ್ಮಾ, ಕಾರು ನಿಮ್ಮ ಹತ್ತಿರವೇ ಇರಲಿ, ನಾನು ಬೇಡ ಅನ್ನುವುದಿಲ್ಲ. ಕಾಗದ ಮಾತ್ರ ನನ್ನ ಹೆಸರಿಗೆ ಮಾಡುವ. ಇಲ್ಲದಿದ್ದರೆ ನಾಳೆ ಓಡಿಸುವವರು ಯಾರು ಅಂತ ಕೇಳಿ ಎಲ್ಲ ನಿಮ್ಮ ಲೈಸೆನ್ಸಿಗೆ ಪಾಯಿಂಟ್ ಹಾಕ್ತಾರೆ. ಪಾಯಿಂಟ್ ತುಂಬಿದರೆ ಲೈಸೆನ್ಸ್ ಹಿಡಿದಿಡ್ತಾರೆ. ಆಮೇಲೆ ನೀವು ಈ ಮನೆಯಲ್ಲಿ ಒಬ್ಬರೇ ಎಂತ ಮಾಡ್ತೀರಿ?”

ಬೇಡ ಎಂದೆ. ಅವನು ಹಟ ಬಿಡಲಿಲ್ಲ, ನಾನೂ ಬಿಡಲಿಲ್ಲ. “ನಿನ್ನ ಹೆಸರಿಗೆ ಇಷ್ಟೆಲ್ಲ ಬಂತಲ್ಲ, ಆ ಕಾರು ಒಂದಾದರೂ ಅವರ ಹೆಸರಿನಲ್ಲಿ ಇರಲಿ” ಎಂದೆ. ಅಂಥ ಮಾತನ್ನು ಮಗನಿಗೆ ಹೇಳಬಾರದಿತ್ತು. ಆಸ್ತಿಗಾಗಿ ಬಂದವನಂತೆ ನೋಡಿದೆನೆಂದು ಅವನ ಮುಖ ಬಾಡಿತು.

ಅಷ್ಟರಲ್ಲಿ ಜಮೀಲಮ್ಮ ಮೀನುಸಾರು ಹಿಡಿದು ಬಂದರು. ಅವರು ಹೋದ ಮೇಲೆ ನಬೀಲ್ ಮೆಲ್ಲಗೆ ಕೇಳಿದ. “ಅಬ್ಬಾನನ್ನು ದಫನ್ ಮಾಡುವ ಮೊದಲು ಊರವರ ಮುಂದೆ ನಿಂತು, ಅಬ್ಬಾ ಯಾರಿಗಾದರೂ ಕೊಡುವುದು ಬಾಕಿ ಇದ್ದರೆ ನನ್ನ ಹತ್ತಿರ ಕೇಳಿ ಅಂದವ ನಾನು. ಸತ್ತವರ ಮೇಲೆ ಋಣ ಉಳಿಯಬಾರದು ಅಂತ ಕಲಿಸಿದ್ದು ನೀವು. ನಾನು ಒಂದು ತೀರಿಸುವಷ್ಟರಲ್ಲಿ ಅವರ ತಲೆಗೆ ಇನ್ನೊಂದು ಹೊರಿಸಿದರೆ ಹೇಗೆ ಅಮ್ಮಾ?”

ನನಗೆ ಇದು ಹೊಳೆದೇ ಇರಲಿಲ್ಲ. ಅಲ್ಲಾಹನಾಣೆ, ಹೊಳೆದಿರಲಿಲ್ಲ. ಋಣವಿದ್ದವನ ಆತ್ಮ ಅದು ತೀರುವವರೆಗೆ ಕಟ್ಟಿಹಾಕಿದಂತಿರುತ್ತದೆ ಎಂದು ಚಿಕ್ಕಂದಿನಿಂದ ಕೇಳಿಕೊಂಡು ಬಂದವಳು ನಾನು. ಬದುಕಿದ್ದಾಗ ಅಂಗಡಿಯ ಹುಡುಗನ ಚಹಾದ ದುಡ್ಡನ್ನೂ ಬಾಕಿ ಉಳಿಸದ ಮನುಷ್ಯನ ಮೇಲೆ ಮಣ್ಣಿನೊಳಗೆ ಮಲಗಿದ ಮೇಲೆ ಒಂದರ ಹಿಂದೊಂದು ಸಾಲ. ನಾನು ಅತ್ತುಬಿಟ್ಟೆ. ನಬೀಲ್ ಹೆದರಿ ನೀರು ತಂದ. ಸರಿ, ನಿನ್ನ ಹೆಸರಿಗೆ ಮಾಡಿಕೋ ಎಂದೆ. ಇದ್ದದ್ದನ್ನೆಲ್ಲ ಅವನು ಆ ಸಂಜೆಯೇ ಕಟ್ಟಿದ. ಆವತ್ತಿನಿಂದ ನಾನು ಕೀಲಿ ಮುಟ್ಟಿಲ್ಲ. ಬರುವ ಭಾನುವಾರ ಕಾಗದ ಆಗುತ್ತದೆ.

ಇದೇ ನನ್ನ ಸುದ್ದಿ. ನಿನ್ನ ಮಂಡಿಗೆ ಎಣ್ಣೆ ತಿಕ್ಕಿಸಿಕೊ, ಮೆಟ್ಟಿಲು ಹತ್ತಬೇಡ. ನಿನ್ನ ಮಗ ತುಷಾರನಿಗೆ ಮದುವೆ ಗೊತ್ತಾಯಿತೆಂದು ಬರೆದಿದ್ದೀಯಲ್ಲ, ಓದಿ ಖುಷಿಯಾಯಿತು. ಹುಡುಗಿ ನಿನ್ನ ಜೊತೆ ಹೊಂದಿಕೊಳ್ಳಲಿ, ನೀನೂ ಸ್ವಲ್ಪ ಬಾಯಿ ಬಿಗಿಹಿಡಿ. ಮದೀನೆಯಲ್ಲಿ ಕೂತು ಬೇಡಿಕೊಂಡದ್ದು ಖಾಲಿ ಹೋಗುವುದಿಲ್ಲ ಎನ್ನುತ್ತಾರೆ, ನಿನ್ನ ಮನೆಯವರೆಲ್ಲರ ಹೆಸರು ಹೇಳಿ ಬೇಡಿಕೊಂಡಿದ್ದೇನೆ. ದೇವರು ನಿನ್ನ ಮನೆ ತುಂಬಿಸಿಡಲಿ.

ನಿನ್ನ,
ಬತೂಲ್

ಮತ್ತೊಂದು ಮಾತು: ನಬೀಲನಿಗೆ ಹೇಳದ್ದನ್ನು ನಿನಗೆ ಹೇಳುತ್ತೇನೆ, ಯಾರಿಗೂ ಓದಿ ಹೇಳಬೇಡ. ನನಗೆ ಮರೆವು ಇಲ್ಲ, ಕ್ಯಾಮೆರಾ ಕೆಟ್ಟಿಲ್ಲ. ಇವರನ್ನು ಮಲಗಿಸಿದ್ದು ಬಕೀಯಲ್ಲಿ, ಪ್ರವಾದಿಯವರ ಮಸೀದಿಯ ಪಕ್ಕದ ಕಬರಸ್ತಾನದಲ್ಲಿ. ಎಂಥ ಭಾಗ್ಯ ಎಂದು ಎಲ್ಲರೂ ಹೇಳಿದರು, ನಿಜವೇ. ಆದರೆ ಅದರೊಳಗೆ ಹೆಂಗಸರು ಹೋಗುವಂತಿಲ್ಲ. ಹೋದರೂ ಗುರುತು ಸಿಗುವುದಿಲ್ಲ, ಅಲ್ಲಿ ಯಾರ ಸಮಾಧಿಯ ಮೇಲೂ ಹೆಸರಿಲ್ಲ. ನಾನು ಗೋಡೆಯ ಹೊರಗೆ ನಿಂತು ಸಲಾಮು ಹೇಳಿ ಬರುತ್ತೇನೆ.

ಇದ್ದತ್ತು ಮುಗಿಸಿ ಮೊದಲ ಸಲ ಕಾರು ತೆಗೆದ ದಿನ ಅಭ್ಯಾಸ ತಪ್ಪಿ ಕಾಲು ಭಾರವಾಗಿ ಬಿತ್ತು, ಕ್ಯಾಮೆರಾ ಮಿಂಚಿತು. ಅವರ ಫೋನನ್ನು ನಾನು ಸುಮ್ಮನೆ ಚಾರ್ಜಿಗೆ ಹಾಕಿಯೇ ಇಡುತ್ತಿದ್ದೆ. ತಿಂಗಳುಗಟ್ಟಲೆ ಬಾಯಿ ಬಿಡದ ಆ ಫೋನು ಅಂದು ಶಬ್ದ ಮಾಡಿತು. ತೆರೆದರೆ ಮೊದಲ ಸಾಲಿನಲ್ಲೇ ಅವರ ಹೆಸರು, ಆತ್ಮೀಯ ಸಾದುಲ್ಲಾ ಎಂದು. ನೀವು ಇವತ್ತು ಇಂಥ ರಸ್ತೆಯಲ್ಲಿ ಇಷ್ಟು ವೇಗದಲ್ಲಿ ಹೋದಿರಿ ಎಂದು. ಎಲ್ಲರೂ ಅವರನ್ನು ‘ಮರ್ಹೂಮ್’, ತೀರಿಹೋದವರು, ಎನ್ನಲು ಶುರು ಮಾಡಿದ್ದರು, ನಬೀಲ್ ಕೂಡ. ಅವರು ಇನ್ನೂ ರಸ್ತೆಯ ಮೇಲೆ ಇದ್ದಾರೆ ಎಂದು ಹೇಳಿದ್ದು ಅದೊಂದೇ. ಆಮೇಲೆ ಮನೆ ತೀರಾ ಬಿಕೋ ಎಂದ ದಿನ ನಾನು ಆ ರಸ್ತೆಗೆ ಹೋಗುತ್ತಿದ್ದೆ. ಕ್ಯಾಮೆರಾದ ಹತ್ತಿರ ಬಂದಾಗ ಕಾಲು ಒತ್ತುತ್ತಿದ್ದೆ. ಮನೆಗೆ ಬಂದು ಫೋನಿನ ಪಕ್ಕ ಕೂತು ಕಾಯುತ್ತಿದ್ದೆ.

ಭಾನುವಾರದಿಂದ ಕ್ಯಾಮೆರಾ ಮಿಂಚಿದರೆ ನಬೀಲನ ಹೆಸರು ಬರುತ್ತದೆ. ಅದೇ ನ್ಯಾಯ. ಆದರೂ ಮೋಹಿನಿ, ಅವರ ಫೋನಿನ ನಂಬರನ್ನು ಕಾಗದದ ಹಿಂಬದಿಯಲ್ಲಿ ಬರೆದಿದ್ದೇನೆ. ಎಂದಾದರೂ ಬಿಡುವಾದರೆ ಒಂದು ಸಾಲು ಕಳಿಸು. ಏನು ಬೇಕಾದರೂ ಬರೆ, ಮಳೆ ಬಂತೆಂದೋ ಮೀನು ತುಟ್ಟಿಯಾಯಿತೆಂದೋ. ನೀನು ಅವರನ್ನು ಭಾವ ಎಂದೇ ಕರೆಯುವವಳು, ಆದರೆ ಈ ಒಂದು ವಿಷಯದಲ್ಲಿ ನನ್ನ ಮಾತು ಕೇಳು, ಮೊದಲಿಗೆ ಅವರ ಹೆಸರು ಬರೆ.